ಯುದ್ಧಕಾಲದ ಭಿತ್ತಿಪತ್ರಗಳಲ್ಲಿ ಮೃಗಸಂಕೇತ

ಮೃಗದ ನೆವದಿಂದ ಮನುಷ್ಯನನ್ನು ಸೂಚಿಸುವ ಮಾರ್ಗವನ್ನು ಆಲಂಕಾರಿಕರು ಅಪ್ರಸ್ತುತಪ್ರಶಂಸೆಯಲ್ಲಿ ಅಡಕಮಾಡಿದ್ದಾರೆ. ಅನ್ಯೋಕ್ತಿಯೆಂಬ ಹೆಸರೂ ಇದಕ್ಕುಂಟು. 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಜನರನ್ನು ಸೈನ್ಯಕ್ಕೆ ಸೆಳೆಯುವುದಕ್ಕಾಗಿ ಅಚ್ಚಾದ ಭಿತ್ತಿಪತ್ರಗಳಲ್ಲಿ ಕೆಲವು ಇದೇ ಮಾರ್ಗವನ್ನು ಹಿಡಿದುವು. ಅವುಗಳ ಗುಣದೋಷಗಳನ್ನು ಔಚಿತ್ಯದೃಷ್ಟಿಯಿಂದ ಪರೀಕ್ಷಿಸುವುದು ಯುಕ್ತವಾಗಿದೆ.

1915ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟರಿ ಸೈನ್ಯಭರ್ತಿ ಸಮಿತಿಯು ಹೊರಡಿಸಿದ, ಆರ್ಥರ್ ವಾರ್ಡ್ಲ್ ಬರೆದ ಚಿತ್ರದಲ್ಲಿ ವೃದ್ಧಸಿಂಹವೊಂದು ಬಂಡೆಯ ಮೇಲೆ ನಿಂತಿದೆ. ತರುಣಸಿಂಹಗಳು ಅದಕ್ಕೆ ಬೆಂಬಲವಾಗಿವೆ. ಆಸ್ಟ್ರೇಲಿಯ, ಕೆನಡ, ಇಂಡಿಯ, ನ್ಯೂಜಿಲೆಂಡುಗಳ ಹೆಸರುಗಳು ಅದರಲ್ಲಿವೆ. ವೀರರಸಕ್ಕೆ ಸಿಂಹವು ತಕ್ಕ ಸಂಕೇತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾದೃಶ್ಯವು ಒಂದಂಶದಲ್ಲಿ ಕುಂದಿದೆ. ಉಳಿದ ಮೂರು ದೇಶಗಳಿಗೆ ಆಗಲೇ ಸ್ವಯಮಾಡಳಿತವಿದ್ದಿತು, ಭಾರತಕ್ಕೆ ಇರಲಿಲ್ಲ. ಆ ಯುದ್ಧದ ಸೇವೆಗೆ ನಿಂತ 13 ಲಕ್ಷಕ್ಕೂ ಮಿಕ್ಕ ಭಾರತೀಯರಿಗೆ ಸಿಂಹದ ಹೊರೆ ಸಂದಿತು; ಸಿಂಹದ ಸ್ವಾತಂತ್ರ್ಯವು ಸಲ್ಲಲಿಲ್ಲ.

1918ರಲ್ಲಿ ಅಮೆರಿಕದ ನೌಕಾಪದಾತಿಗಳಿಗಾಗಿ ಸಿ. ಬಿ. ಫಾಲ್ಸ್ ಬರೆದ ಚಿತ್ರವು ಹಾಸ್ಯಕ್ಕೆ ಇಳಿಯುತ್ತದೆ. ಅಲ್ಲಿ ಬುಲ್‌ಡಾಗ್ ನಾಯಿಯು ಜರ್ಮನ್ ಶಿರಸ್ತ್ರಾಣ ಧರಿಸಿದ ಗಿಡ್ಡಕಾಲಿನ ನಾಯಿಯನ್ನು ಅಟ್ಟಿಕೊಂಡು ಹೋಗುತ್ತದೆ. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ವರ್ಣಿಸಿ ಅವನನ್ನು ಗೆದ್ದುದನ್ನು ಹೇಳುವುದರಿಂದಲೂ ನಾಯಕನ ಉತ್ಕರ್ಷವು ರಂಜಿಸುತ್ತದೆಂದು ದಂಡಿಯು ಕಾವ್ಯಾದರ್ಶದಲ್ಲಿ ಹೇಳಿದ್ದಾನೆ. ಗಿಡ್ಡ ನಾಯಿಯನ್ನು ಓಡಿಸಿದ್ದರಿಂದ ಯಾವ ವೀರನ ಕೀರ್ತಿ ಹೆಚ್ಚೀತು?

ಇದಕ್ಕಿಂತ ಘೋರವಾದುದು ಹ್ಯಾರಿ ಹಾಪ್ಸನ ಚಿತ್ರ. 1917ರಲ್ಲಿ ಅಮೆರಿಕವು ಯುದ್ಧಕ್ಕಿಳಿದ ತರುವಾಯ ಪ್ರಕಟವಾದ ಅದರಲ್ಲಿ ಜರ್ಮನಿಯು ಗೊರಿಲ್ಲವಾಗಿದೆ. ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಅಬಲೆ. ಹಿಂದೆ ಹಾಳಾದ ಯೂರೋಪು, ಕಾಲಡಿಯಲ್ಲಿ ಅಮೆರಿಕದ ತೀರ. ಹುಚ್ಚುಮೃಗವನ್ನು ಕೊಲ್ಲಿರೆಂಬುದೇ ಅದರ ಕರೆ. ಅನ್ಯೋಕ್ತಿಯಲ್ಲಿ ಓದುಗನ ಬುದ್ಧಿಯು ಮೃಗದಿಂದ ಮನುಷ್ಯನಿಗೆ ಮರಳಬೇಕು. ಇಲ್ಲಿ ಆ ಮರಳುವ ದಾರಿಯನ್ನೇ ಮುಚ್ಚಲಾಗಿದೆ. ವೀರಕ್ಕೆ ಉತ್ಸಾಹವು ಸ್ಥಾಯಿ, ರೌದ್ರಕ್ಕೆ ಕ್ರೋಧ; ಈ ಚಿತ್ರವು ಕ್ರೋಧ ಜುಗುಪ್ಸೆಗಳನ್ನು ಕೆರಳಿಸಿ ಅದನ್ನೇ ಶೌರ್ಯವೆಂದು ನಂಬಿಸುತ್ತದೆ.

ಇದರ ಫಲವು ವಿಚಾರಾರ್ಹವಾಗಿದೆ. 1939ರಲ್ಲಿ ಜರ್ಮನಿಯ ನಾತ್ಸಿ ಪ್ರಚಾರಕರು ಇದೇ ಚಿತ್ರವನ್ನು ತಮ್ಮ ಭಿತ್ತಿಪತ್ರದಲ್ಲಿ ಅಚ್ಚುಹಾಕಿ, ತಮ್ಮ ಜನರನ್ನು ಹಗೆಗಳು ಮೃಗವೆಂದು ಕರೆದರೆಂದು ತೋರಿಸಿದರು. ಒಂದು ದೇಶದ ಜನರನ್ನು ಕೆರಳಿಸಲು ಬರೆದದ್ದು ಎದುರಾಳಿಯ ಜನರನ್ನು ಕೆರಳಿಸುವುದಕ್ಕೂ ಒದಗಿತು. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂಬ ಆನಂದವರ್ಧನನ ಮತವು ಕಾವ್ಯಕ್ಕೆ ಹೇಳಿದ್ದು. ಮನುಷ್ಯರ ಪ್ರಾಣವನ್ನು ಬೇಡುವ ಚಿತ್ರಕ್ಕೆ ಅದು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ.