ಮಂಪ್ಸಿಮಸ್ ಬಿಡದವರು

ಹದಿನಾರನೆಯ ಶತಮಾನದ ಆರಂಭದಲ್ಲಿ ಯುರೋಪಿನ ಪಂಡಿತರ ನಡುವೆ ಒಬ್ಬ ಪಾದ್ರಿಯ ಕತೆ ಓಡಾಡುತ್ತಿತ್ತು. ಆತನ ಲ್ಯಾಟಿನ್ ಅಷ್ಟಕ್ಕಷ್ಟೆ. ಪೂಜೆಯಲ್ಲಿ ಪ್ರಸಾದ ಸ್ವೀಕರಿಸಿದ ಮೇಲೆ ಹೇಳುವ ಪ್ರಾರ್ಥನೆಯೊಂದರಲ್ಲಿ 'ಸಂಪ್ಸಿಮಸ್' ಎಂಬ ಮಾತು ಬರುತ್ತದೆ, 'ನಾವು ಸ್ವೀಕರಿಸಿದೆವು' ಎಂದು ಅದರ ಅರ್ಥ. ಈ ಪಾದ್ರಿ ಅದನ್ನು 'ಮಂಪ್ಸಿಮಸ್' ಎಂದು ಓದಿಕೊಂಡು ಬಂದಿದ್ದ. ಹಾಗೊಂದು ಮಾತು ಲ್ಯಾಟಿನ್ನಿನಲ್ಲಿ ಇಲ್ಲವೇ ಇಲ್ಲ. ಬಲ್ಲವರೊಬ್ಬರು ತಿದ್ದಲು ಹೋದಾಗ, ಇಷ್ಟು ವರ್ಷ ಹೇಳಿದ ನನ್ನ ಹಳೆಯ ಮಂಪ್ಸಿಮಸ್ಸನ್ನು ನಿಮ್ಮ ಹೊಸ ಸಂಪ್ಸಿಮಸ್ಸಿಗಾಗಿ ಬಿಡಲಾರೆ ಎಂದುಬಿಟ್ಟನಂತೆ. ಆ ಪಂಡಿತರಲ್ಲೊಬ್ಬನಾದ ಎರಾಸ್ಮಸ್ 1516ರ ಕಾಗದವೊಂದರಲ್ಲಿ ಈ ಕತೆ ಹೇಳಿದ್ದಾನೆ. ಮರುವರ್ಷ ರಿಚರ್ಡ್ ಪೇಸ್ ಎಂಬ ವಿದ್ವಾಂಸ ತನ್ನ ಪುಸ್ತಕದಲ್ಲಿ ಇದನ್ನೇ ಬರೆದು, ಪಾದ್ರಿ ಇಂಗ್ಲೆಂಡಿನವನೆಂದ. ಅಲ್ಲಿಂದ ಮುಂದೆ ಆ ಇಲ್ಲದ ಮಾತು ಇಂಗ್ಲಿಷಿನ ಮಾತಾಯಿತು.

ಇಂಗ್ಲಿಷಿನ ಪದಗಳನ್ನು ವಾರಕ್ಕೊಂದು ಅಕ್ಷರದಂತೆ ನೋಡುತ್ತಿರುವ ಈ ಅಂಕಣದಲ್ಲಿ ಕಳೆದ ವಾರ ಎಲ್ ಮುಗಿಯಿತು. ಈ ವಾರ ಎಂ. ಈ ಅಕ್ಷರದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪದ ಮಂಪ್ಸಿಮಸ್. ತಪ್ಪೆಂದು ತೋರಿಸಿಕೊಟ್ಟ ಮೇಲೂ ರೂಢಿಯ ಆಸೆಗೆ ತಪ್ಪನ್ನೇ ಹಿಡಿದು ಕೂತವನಿಗೂ ಈ ಹೆಸರು, ಅವನು ಹಿಡಿದ ತಪ್ಪಿಗೂ ಇದೇ ಹೆಸರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ನಮಗೆ ಗೊತ್ತು. ಆದರೆ ಅವನದು ಬರೀ ಹಟ. ಮೊಲವನ್ನು ಎದುರಿಗೆ ತಂದು ನಿಲ್ಲಿಸಿ, ಕಾಲು ಎಣಿಸಿ ತೋರಿಸಿದ ಮೇಲೆ, 'ನಾಲ್ಕೇ ಇರಬಹುದು, ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮೂರು ಅಂತಲೇ ಹೇಳೋದು' ಅಂದರೆ ಅವನು ಮಂಪ್ಸಿಮಸ್. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಒಂದೇ ಪದ ಹಿಡಿದಿಡುತ್ತದೆ. ಅಪರೂಪದ ಪದಗಳನ್ನು ಕಲಿಯಬೇಕಾದದ್ದು ಇದಕ್ಕಾಗಿ. ಸಭೆಯಲ್ಲಿ ನಾಲ್ಕು ಜನರ ಬಾಯಿ ಕಟ್ಟಿಸಲು ಕಲಿಯುವುದಾದರೆ ಕಲಿಯದಿರುವುದೇ ವಾಸಿ.

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ 1545ರ ಡಿಸೆಂಬರ್ 24ರಂದು ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣದಲ್ಲಿ ಮಂಪ್ಸಿಮಸ್, ಸಂಪ್ಸಿಮಸ್ ಜೋಡಿಯನ್ನು ಬಳಸಿದ. ಧರ್ಮದ ಹೆಸರಿನಲ್ಲಿ ನಾಡು ಎರಡು ಪಾಲಾಗಿತ್ತು. ಕೆಲವರು ಹಳೆಯ ಮಂಪ್ಸಿಮಸ್ಸಿಗೆ ಜೋತುಬಿದ್ದಿದ್ದಾರೆ, ಕೆಲವರು ಹೊಸ ಸಂಪ್ಸಿಮಸ್ಸಿನ ಹಿಂದೆ ಅತಿಯಾಗಿ ಓಡುತ್ತಿದ್ದಾರೆ ಎಂದು ಇಬ್ಬರನ್ನೂ ಗದರಿಸಿದ. ಪಾದ್ರಿಯ ಬಾಯಿತಪ್ಪು ಮೂವತ್ತೇ ವರ್ಷಕ್ಕೆ ದೊರೆಯ ಮಾತಾಗಿತ್ತು.

ಪದಗಳ ಹುಟ್ಟನ್ನು ಹುಡುಕುವ ನಮ್ಮಂಥವರಿಗೇ ಮಂಪ್ಸಿಮಸ್ ಕಾಯಿಲೆ ಬೇಗ ಅಂಟುತ್ತದೆ. ಸೊಗಸಾದ ಕತೆಯೊಂದು ಕಿವಿಗೆ ಬಿದ್ದರೆ ಬಿಡಲು ಮನಸ್ಸು ಬರುವುದಿಲ್ಲ. ಎಂ ಅಕ್ಷರದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ: ಮಾರ್ಮಲೇಡ್. ಬ್ರೆಡ್ಡಿಗೆ ಸವರಿಕೊಳ್ಳುವ ಕಿತ್ತಳೆಯ ಸಿಹಿ. ಸ್ಕಾಟ್ಲೆಂಡಿನ ರಾಣಿ ಮೇರಿಗೆ ಕಾಯಿಲೆಯಾದಾಗಲೆಲ್ಲ ಇದನ್ನು ಮಾಡಿಕೊಡುತ್ತಿದ್ದರು, ಫ್ರೆಂಚಿನಲ್ಲಿ 'ಮಾರಿ ಮಲಾದ್' ಅಂದರೆ ಕಾಯಿಲೆಯ ಮೇರಿ, ಅದೇ ಮಾರ್ಮಲೇಡ್ ಆಯಿತು ಎಂದು ಕತೆ. ರಾಣಿ, ಕಾಯಿಲೆ, ಕಿತ್ತಳೆ ಎಲ್ಲವೂ ಇರುವ ಈ ಕತೆಯನ್ನು ಯಾರು ತಾನೇ ಮರೆತಾರು?

ಆದರೆ ಇಸವಿ ನೋಡಿ. ಮೇರಿ ಹುಟ್ಟಿದ್ದು 1542ರ ಡಿಸೆಂಬರಿನಲ್ಲಿ. ಎಕ್ಸೆಟರ್ ಊರಿನವರೊಬ್ಬರು ಎಂಟನೆಯ ಹೆನ್ರಿಗೆ ಒಂದು ಪೆಟ್ಟಿಗೆ ಮಾರ್ಮಲೇಡ್ ಕಾಣಿಕೆ ಕೊಟ್ಟ ದಾಖಲೆ 1524ರದು. ರಾಣಿ ಹುಟ್ಟುವ ಮುಂಚೆಯೇ ಪದ ಹುಟ್ಟಿತ್ತು, ಅಲ್ಲಿಗೆ ಕತೆ ಮುಗಿಯಿತು. ನಿಜವಾದ ದಾರಿ ಬೇರೆ. ಪೋರ್ಚುಗೀಸರು ಕ್ವಿನ್ಸ್ ಎಂಬ ಹಣ್ಣಿಗೆ ಮಾರ್ಮೆಲು ಅನ್ನುತ್ತಾರೆ. ಸೇಬಿನ ಸಂಬಂಧಿಯಾದ ಇದು ಹಸಿಯಾಗಿ ತಿನ್ನಲು ಬಾರದಷ್ಟು ಒಗರು. ಅದನ್ನು ಸಕ್ಕರೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ ಸಿಹಿಗೆ ಮಾರ್ಮೆಲಾದ ಎಂದು ಹೆಸರು. ಮಾರ್ಮೆಲು ಎಂಬುದರ ಮೂಲ ಲ್ಯಾಟಿನ್ನಿನ ಮೂಲಕ ಗ್ರೀಕಿಗೆ ಹೋಗುತ್ತದೆ, ಅಲ್ಲಿ ಅದು 'ಮೆಲಿಮೇಲೋನ್', ಅಂದರೆ ಜೇನುಸೇಬು. ಹೆನ್ರಿಗೆ ಸಿಕ್ಕಿದ್ದು ಪೆಟ್ಟಿಗೆಯಲ್ಲಿ ಇಡುವಂಥ, ಚಾಕುವಿನಿಂದ ಕತ್ತರಿಸಿ ತಿನ್ನುವ ಗಟ್ಟಿ ಸಿಹಿ. ಕಿತ್ತಳೆಯದು ಆಮೇಲೆ ಬಂತು. ನನ್ನನ್ನು ಕೇಳಿದರೆ, ಕಾಯಿಲೆ ಬಿದ್ದ ರಾಣಿಯ ಕತೆಗಿಂತ ಗ್ರೀಕರ ಜೇನುಸೇಬು ಇಂಗ್ಲಿಷರ ಕಿತ್ತಳೆಯಾಗುವ ತನಕ ನಡೆದ ಹಾದಿ ಹೆಚ್ಚು ರುಚಿಯದು.

ಹಾಗೆಂದು ಮನುಷ್ಯರ ಹೆಸರಿನ ಕತೆಗಳೆಲ್ಲ ಸುಳ್ಳಲ್ಲ. ಕವಾಯತಿನಲ್ಲಿ ಒಂದು ಹೆಜ್ಜೆ ತಪ್ಪಿದರೂ ಸಹಿಸದ ಶಿಸ್ತಿನವನನ್ನು ಇಂಗ್ಲಿಷಿನಲ್ಲಿ ಮಾರ್ಟಿನೆಟ್ ಅನ್ನುತ್ತಾರೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಾಲಾಳು ಪಡೆಯನ್ನು ಪಳಗಿಸಿದ ಜಾನ್ ಮಾರ್ತಿನೆ ಎಂಬ ಅಧಿಕಾರಿಯ ಹೆಸರದು. 1672ರಲ್ಲಿ ಡೂಸ್‌ಬರ್ಗ್ ಮುತ್ತಿಗೆಯಲ್ಲಿ ತನ್ನದೇ ಸೈನ್ಯದ ಫಿರಂಗಿಗೆ ಸಿಕ್ಕಿ ಸತ್ತ. ಗುಂಪಿಗೆ ಸೇರದೆ ತನ್ನ ದಾರಿ ತಾನು ಹಿಡಿಯುವ ರಾಜಕಾರಣಿಯನ್ನು ಮ್ಯಾವರಿಕ್ ಎಂದು ನಮ್ಮ ಇಂಗ್ಲಿಷ್ ಪತ್ರಿಕೆಗಳೂ ಬರೆಯುತ್ತವೆ. ಟೆಕ್ಸಾಸಿನ ಸ್ಯಾಮ್ಯುಯೆಲ್ ಮ್ಯಾವರಿಕ್ ಎಂಬ ವಕೀಲ ತನ್ನ ದನಗಳಿಗೆ ಮುದ್ರೆ ಹಾಕಿಸುತ್ತಿರಲಿಲ್ಲ. ಮುದ್ರೆಯಿಲ್ಲದ ದನ ಕಂಡರೆ ಜನ 'ಇದು ಮ್ಯಾವರಿಕನದು' ಅನ್ನತೊಡಗಿದರು. ಅವನ ಮೊಮ್ಮಗ ಮೌರಿ ಮ್ಯಾವರಿಕ್ ಅಮೆರಿಕದ ಸಂಸತ್ ಸದಸ್ಯನಾಗಿದ್ದವನು. ಸರ್ಕಾರಿ ಕಡತಗಳ ಅರ್ಥವಾಗದ ಭಾಷೆಗೆ 1944ರಲ್ಲಿ ಗಾಬಲ್ಡಿಗೂಕ್ ಎಂಬ ಪದ ಕಟ್ಟಿದ್ದು ಅವನೇ. ಒಂದೇ ಮನೆತನ ಒಂದು ಭಾಷೆಗೆ ಎರಡು ಪದ ಕೊಟ್ಟದ್ದು ಅಪರೂಪ.

ಮಾಡ್ಲಿನ್ ಎಂಬ ಪದ ಇನ್ನೂ ಹಳೆಯದು. ಸ್ವಲ್ಪಕ್ಕೇ ಕಣ್ಣೀರು ಹರಿಸುವ, ಅದರಲ್ಲೂ ಕುಡಿದಾಗ ಎಲ್ಲರನ್ನೂ ತಬ್ಬಿಕೊಂಡು ಅಳುವ ಸ್ವಭಾವಕ್ಕೆ ಈ ಮಾತು. ಚಿತ್ರಕಾರರು ಮೇರಿ ಮ್ಯಾಗ್ಡಲೀನಳನ್ನು ಅಳುತ್ತಿರುವಂತೆ ಬರೆಯುತ್ತಿದ್ದರು, ಆ ಹೆಸರಿನ ಹಳೆಯ ಇಂಗ್ಲಿಷ್ ಉಚ್ಚಾರವೇ ಮಾಡ್ಲಿನ್. ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಹೆಸರನ್ನು ಅಲ್ಲಿನವರು ಇಂದಿಗೂ ಮಾಡ್ಲಿನ್ ಎಂದೇ ಹೇಳುತ್ತಾರೆ.

ಈಗ ನಮ್ಮ ಕಡೆಯ ಮಂಪ್ಸಿಮಸ್ ವಿಚಾರಕ್ಕೆ ಬರಬೇಕು. ಇಂಗ್ಲಿಷಿನ ಮೌಸ್ ಎಂದರೆ ನಮ್ಮ ಮೂಷಕ, ಜೇನಿನಿಂದ ಮಾಡುವ ಮದ್ಯಕ್ಕಿರುವ ಮೀಡ್ ಎಂಬ ಹೆಸರು ನಮ್ಮ ಮಧು, ಆದ್ದರಿಂದ ಇಂಗ್ಲಿಷ್ ಹುಟ್ಟಿದ್ದೇ ಸಂಸ್ಕೃತದಿಂದ ಎಂದು ವೇದಿಕೆಯ ಮೇಲೆ ಹೇಳುವವರು ಊರೂರಿನಲ್ಲೂ ಇದ್ದಾರೆ. ಪದಗಳ ಹೋಲಿಕೆ ನಿಜ, ತೀರ್ಮಾನ ತಪ್ಪು. 1786ರ ಫೆಬ್ರುವರಿ 2ರಂದು ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಇದನ್ನು ಬಿಡಿಸಿ ಹೇಳಿದ್ದ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಕವಲೊಡೆದವು, ಆ ಮೂಲಭಾಷೆ ಬಹುಶಃ ಈಗ ಉಳಿದಿಲ್ಲ. ಮೌಸ್ ಮತ್ತು ಮೂಷಕ ಅಕ್ಕತಂಗಿಯರು, ತಾಯಿ ಮಗಳಲ್ಲ. ಇನ್ನೂರು ವರ್ಷ ಕಳೆದ ಮೇಲೂ ಇದನ್ನು ಕೇಳಿಸಿಕೊಳ್ಳದಿದ್ದರೆ ಸಂಸ್ಕೃತದ ಗೌರವವೇನೂ ಹೆಚ್ಚುವುದಿಲ್ಲ.

ನಿಜವಾಗಿ ಎರವಲು ಬಂದ ಪದಗಳ ರುಚಿಯೇ ಬೇರೆ. ತೋಳು ಮಡಚಿದಾಗ ಚರ್ಮದ ಕೆಳಗೆ ಉಬ್ಬಿ ಓಡಾಡುವುದನ್ನು ಕಂಡು ರೋಮನ್ನರು ಅದಕ್ಕೆ 'ಮುಸ್ಕುಲುಸ್', ಅಂದರೆ ಪುಟ್ಟ ಇಲಿ, ಎಂದು ಹೆಸರಿಟ್ಟರು. ಅದೇ ಮಸಲ್. ಕಸ್ತೂರಿಗೆ ಇಂಗ್ಲಿಷಿನಲ್ಲಿರುವ ಮಸ್ಕ್ ಎಂಬ ಹೆಸರು ಪಾರಸಿಯ ಮುಷ್ಕ್‌ನಿಂದ ಬಂತು. ಅದರ ಹಿಂದಿರುವುದು ಸಂಸ್ಕೃತದ 'ಮುಷ್ಕ', ವೃಷಣ, ಎಂದು ನಿಘಂಟುಕಾರರು ಹೇಳುತ್ತಾರೆ. ಕಸ್ತೂರಿಮೃಗದ ಗ್ರಂಥಿಯ ಆಕಾರ ಅದಕ್ಕೆ ಕಾರಣ. ಮುಷ್ಕವೂ ಮೂಷಕದ ಬಳಗದ್ದೇ, ಅದರ ಅರ್ಥವೂ ಮೂಲದಲ್ಲಿ ಪುಟ್ಟ ಇಲಿಯೇ. ಒಂದು ಇಲಿ ಇಂಗ್ಲಿಷಿಗೆ ಮೂರು ಬಾಗಿಲಿನಿಂದ ಬಂತು: ಹುಟ್ಟಿನಿಂದಲೇ ಮೌಸ್ ಆಗಿ, ರೋಮಿನಿಂದ ಮಸಲ್ ಆಗಿ, ಪರ್ಷಿಯಾದ ಹಾದಿಯಲ್ಲಿ ಮಸ್ಕ್ ಆಗಿ.

ಮ್ಯಾಂಡರಿನ್ ಎಂಬುದೂ ಇಂಥದೇ. ಚೀನಾದ ಹಳೆಯ ಅಧಿಕಾರಿಗಳನ್ನು ಯುರೋಪಿನವರು ಹೀಗೆ ಕರೆದರು, ಅವರಾಡುವ ಭಾಷೆಗೂ ಅದೇ ಹೆಸರು ನಿಂತಿತು. ಪೋರ್ಚುಗೀಸಿನಲ್ಲಿ 'ಮಂದಾರ್' ಎಂದರೆ ಆಜ್ಞೆ ಮಾಡು, ಅದರಿಂದಲೇ ಮ್ಯಾಂಡರಿನ್ ಎಂದು ನಂಬಿದವರು ಬಹಳ ಜನ. ಆ ಕ್ರಿಯಾಪದ ಉಚ್ಚಾರವನ್ನು ತನ್ನ ಕಡೆಗೆ ಎಳೆದುಕೊಂಡಿರಬಹುದು, ಬೇರು ಮಾತ್ರ ಅದಲ್ಲ. ಸಂಸ್ಕೃತದ ಮಂತ್ರಿ ಮಲಯ ಭಾಷೆಗೆ ಹೋಗಿ 'ಮೆಂತೆರಿ' ಆಯಿತು. ಮಲಾಕ್ಕದ ಬಂದರಿನಲ್ಲಿ ಅದನ್ನು ಕೇಳಿದ ಪೋರ್ಚುಗೀಸರು ಚೀನಾದ ಅಧಿಕಾರಿಗಳಿಗೆ ಅಂಟಿಸಿದರು. ಚೀನೀಯರು ತಮ್ಮ ಭಾಷೆಯನ್ನು ಹಾಗೆ ಕರೆಯುವುದೇ ಇಲ್ಲ.

ತಪ್ಪುಗಳ ವಿಷಯಕ್ಕೆ ಮರಳಿದರೆ, ಎಂ ಅಕ್ಷರದಲ್ಲಿ ನಾಲಗೆಯ ತಪ್ಪಿಗೂ ಕಿವಿಯ ತಪ್ಪಿಗೂ ಬೇರೆ ಬೇರೆ ಹೆಸರುಗಳಿವೆ. ನಾಲಗೆಯದು ಮಾಲಪ್ರಾಪಿಸಂ. ಷೆರಿಡನ್ 1775ರಲ್ಲಿ ರಂಗಕ್ಕೆ ತಂದ 'ದ ರೈವಲ್ಸ್' ನಾಟಕದ ಮಿಸೆಸ್ ಮಾಲಪ್ರಾಪ್ ದೊಡ್ಡ ದೊಡ್ಡ ಪದಗಳನ್ನು ಆಡಲು ಹೋಗಿ, ಅದೇ ಸದ್ದಿನ ಇನ್ನೊಂದನ್ನು ಆಡಿಬಿಡುವವಳು. ಮೊಸಳೆಗೆ ಅಲಿಗೇಟರ್ ಅನ್ನಬೇಕಾದ ಕಡೆ ಅಲೆಗರಿ ಅನ್ನುತ್ತಾಳೆ. ಪದ ನಮ್ಮಲ್ಲೂ ಪ್ರಚಲಿತ, ಹೆಚ್ಚು ಹೇಳಬೇಕಿಲ್ಲ.

ಕಿವಿಯದು ಮಾಂಡಗ್ರೀನ್, ಇದು ಕಡಿಮೆ ಜನರಿಗೆ ಗೊತ್ತಿರುವುದು. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಚಿಕ್ಕವಳಿದ್ದಾಗ ಅವಳ ತಾಯಿ ಒಂದು ಸ್ಕಾಟಿಷ್ ಲಾವಣಿ ಓದುತ್ತಿದ್ದಳು. ಮರ್ರಿ ಎಂಬ ಸೀಮೆಯ ಸರದಾರನನ್ನು ಕೊಂದು ಹುಲ್ಲಿನ ಮೇಲೆ ಮಲಗಿಸಿದರು ('ಲೇಡ್ ಹಿಮ್ ಆನ್ ದ ಗ್ರೀನ್') ಎಂಬ ಅರ್ಥದ ಮಾತು ಮಗುವಿನ ಕಿವಿಗೆ 'ಲೇಡಿ ಮಾಂಡಗ್ರೀನ್' ಎಂದು ಬಿತ್ತು. ಸರದಾರನ ಜೊತೆ ಪ್ರಾಣಬಿಟ್ಟ ಒಬ್ಬ ಚೆಲುವೆಯನ್ನು ಆಕೆ ಮನಸ್ಸಿನಲ್ಲೇ ಕಟ್ಟಿಕೊಂಡಳು. 1954ರ ನವೆಂಬರಿನ ಹಾರ್ಪರ್ಸ್ ಪತ್ರಿಕೆಯಲ್ಲಿ ಇದನ್ನು ಬರೆದು, ಹೀಗೆ ತಪ್ಪಾಗಿ ಕೇಳಿಸಿಕೊಂಡು ಹುಟ್ಟಿದ ಮಾತುಗಳಿಗೆಲ್ಲ ಆ ಇಲ್ಲದ ಹೆಂಗಸಿನ ಹೆಸರನ್ನೇ ಇಟ್ಟಳು. ಮೂಲಕ್ಕಿಂತ ತಾನು ಕೇಳಿಸಿಕೊಂಡದ್ದೇ ಚೆನ್ನ ಎಂಬುದು ಅವಳ ವಾದ. ಸಿನಿಮಾ ಹಾಡಿನ ಒಂದು ಮಾತನ್ನು ಬೇರೆಯೇ ಆಗಿ ಕೇಳಿಸಿಕೊಂಡು ವರ್ಷಗಟ್ಟಲೆ ಹಾಡಿಕೊಂಡವರು ಕನ್ನಡದಲ್ಲೂ ಬೇಕಾದಷ್ಟು ಜನ ಇದ್ದಾರೆ, ಅದಕ್ಕೊಂದು ಹೆಸರು ನಮ್ಮಲ್ಲಿನ್ನೂ ರೂಢಿಗೆ ಬಂದಿಲ್ಲ.

ಮಾಂಡಗ್ರೀನ್ ಎಂಬ ಹೆಸರು ಹುಟ್ಟುವ ಮುಂಚೆಯೇ ಅಂಥ ಒಂದು ತಪ್ಪು ಒಂದು ದೊಡ್ಡ ನಿಘಂಟಿನ ಹೆಸರಾಗಿತ್ತು. ಮೊಹರಂ ಮೆರವಣಿಗೆಯಲ್ಲಿ 'ಯಾ ಹಸನ್, ಯಾ ಹುಸೇನ್' ಎಂದು ಎದೆ ಬಡಿದುಕೊಂಡು ಕೂಗುವುದು ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ 'ಹಾಬ್ಸನ್ ಜಾಬ್ಸನ್' ಆಯಿತು. ಅಲಾಯಿ ಹಬ್ಬದಲ್ಲಿ ರಿವಾಯತ್ ಪದ ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಆ ಕೂಗಿನ ದುಃಖ ಗೊತ್ತು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಕಟ್ಟಿದ, ಭಾರತದ ಮೂಲಕ ಇಂಗ್ಲಿಷಿಗೆ ಹೋದ ಪದಗಳ ಕೋಶ 1886ರಲ್ಲಿ ಆ ಹೆಸರಿನಲ್ಲೇ ಹೊರಬಂತು. ಬರ್ನೆಲ್ ನಮಗೆ ದೂರದವನಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಅಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾಯಿತು.

ಆ ಕೋಶದಲ್ಲಿ ಎಂ ಅಕ್ಷರದ ಪುಟಗಳಿಗೆ ಬಂದರೆ ಮಂಗೂಸ್ ಸಿಗುತ್ತದೆ. ಮರಾಠಿಯ ಮುಂಗೂಸ್ ಅದರ ಮೂಲ. ನಮ್ಮ ಮುಂಗುಸಿ, ತೆಲುಗಿನ ಮುಂಗಿಸ ಪಕ್ಕದಲ್ಲೇ ಇವೆ. ಹೆಬ್ಬಾತಿಗಿರುವ ಗೂಸ್ ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲ, ಹಾಗಾಗಿ ಬಹುವಚನದಲ್ಲಿ ಮಂಗೀಸ್ ಅನ್ನಬಾರದು, ಮಂಗೂಸಸ್ ಅನ್ನಬೇಕು.

ಅದೇ ಎಂ ಪುಟಗಳಲ್ಲಿ ಮುಲ್ಲಗಟಾನಿಯೂ ಇದೆ. ಕ್ಲಬ್ಬುಗಳ ಊಟದ ಪಟ್ಟಿಯಲ್ಲಿ ಇಂದಿಗೂ ಕಾಣುವ ಸೂಪು. ತಮಿಳಿನ ಮಿಳಗು ತಣ್ಣೀರ್, ಮೆಣಸಿನ ನೀರು. ನಮ್ಮ ಮೆಣಸೂ ಅವರ ಮಿಳಗೂ ಒಂದೇ ಬಳ್ಳಿಯವು. ಜ್ವರ ಬಂದವರಿಗೆ ಕೊಡುವ ತಿಳಿಸಾರಿನಂಥದಕ್ಕೆ ದೊರೆಗಳ ಅಡುಗೆಮನೆಯಲ್ಲಿ ಮಾಂಸ ಬಿತ್ತು, ಈರುಳ್ಳಿ ಬಿತ್ತು, ಕರಿ ಪೌಡರ್ ಬಿತ್ತು. ಈ ಪದಕ್ಕೆ ಯೂಲ್ ಮತ್ತು ಬರ್ನೆಲ್ ಕೊಡುವ ಮೊದಲ ಉದಾಹರಣೆ ಮದರಾಸಿನದಲ್ಲ, ಬೆಂಗಳೂರಿನದು. ಹೈದರಾಲಿಗೆ ಸೆರೆಸಿಕ್ಕ ಬ್ರಿಟಿಷ್ ನೌಕಾಪಡೆಯವನೊಬ್ಬ ತನ್ನ ಹಣೆಬರಹ ಹಳಿದುಕೊಂಡು ಬರೆದ ಹಾಡು. ಬೆಂಗಳೂರಿನ ಜೈಲಿನಲ್ಲಿ ಉಣ್ಣಲು ಸಿಗುವುದು ಮುಲ್ಲಗಟಾನಿ, ಇಲ್ಲವೇ ಗಂಜಿ ಎಂದು ಆತ ದುಃಖ ತೋಡಿಕೊಳ್ಳುತ್ತಾನೆ. ಅದರ ಮುಂದೆ ಹಾಕಿರುವ ಇಸವಿ 1784, ಮಂಗಳೂರು ಒಪ್ಪಂದವಾಗಿ ಮೈಸೂರಿನ ಸೆರೆಯಿಂದ ಬ್ರಿಟಿಷರು ಬಿಡುಗಡೆಯಾದ ವರ್ಷ.

ಹಾಬ್ಸನ್ ಜಾಬ್ಸನ್ ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮುಂದಿನ ವಾರ ಎನ್ ಅಕ್ಷರ. ಅಷ್ಟರೊಳಗೆ ಆ ಕೋಶದ ಎಂ ಪುಟಗಳನ್ನು ನೀವೇ ತೆರೆದು ನೋಡಿ, ಪ್ರತಿ ಉದಾಹರಣೆಯ ಮುಂದಿರುವ ಇಸವಿಯನ್ನು ತಪ್ಪದೆ ಓದಿ.