ಎರೆಗೊಂದು ಬದು, ಮಸಾರಿಗೊಂದು ಬದು

ವಿಶೇಷ ಶಿಕ್ಷಣದ ಮುಂದಾಳುಗಳು ಪರಿಸರ ವಿಜ್ಞಾನದಿಂದ ಕಲಿಯಬೇಕು ಎಂಬ ಮಾತು ಬಂದಾಗಲೆಲ್ಲ ಕಾಡಿನ ವೈವಿಧ್ಯಕ್ಕೆ ತರಗತಿಯ ವೈವಿಧ್ಯವನ್ನು ಹೋಲಿಸಿ ಚಪ್ಪಾಳೆ ಗಿಟ್ಟಿಸುವುದು ರೂಢಿ. ಕೇಳಲು ಇಂಪು, ಕೆಲಸಕ್ಕೆ ಬಾರದು. ಕೊಪ್ಪಳ ಜಿಲ್ಲೆಯ ತಳಕಲ್‌ನಂಥ ಒಣಬೇಸಾಯದ ಊರಿಗೆ ಹೆಚ್ಚು ಹತ್ತಿರದ ಪಾಠ ಜಲಾನಯನ ಕೆಲಸದಲ್ಲಿದೆ. ಕೊಪ್ಪಳವೂ ಸೇರಿದಂತೆ 11 ಜಿಲ್ಲೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಸುಜಲಾ-3 ಯೋಜನೆಯ ಹೆಚ್ಚುಗಾರಿಕೆ ಅದರ ಸಮೀಕ್ಷೆ. 1:7,920 ಪ್ರಮಾಣದ ಗ್ರಾಮ ನಕಾಶೆ ಹಿಡಿದು, ಸರ್ವೆ ನಂಬರಿನ ಮಟ್ಟಕ್ಕಿಳಿದು, ಮಣ್ಣಿನ ಆಳ, ಇಳಿಜಾರು, ಕೊಚ್ಚಣೆ, ಪೋಷಕಾಂಶಗಳನ್ನು ಗುರುತಿಸಿದ ಮೇಲೆಯೇ ಯಾವ ಹೊಲಕ್ಕೆ ಏನು ಬೇಕೆಂದು ಅದು ಹೇಳಿತು. ಈ ಕ್ರಮಕ್ಕೆ ಕಾರಣವಿದೆ. ನೀರು ಬೇಗ ಇಂಗುವ ಮಸಾರಿಗೆ, ಅಂದರೆ ಕೆಂಪು ನೆಲಕ್ಕೆ, ಸಮಪಾತಳಿ ಬದು ಸರಿ. ಅದನ್ನೇ ಆಳವಾದ ಎರೆಭೂಮಿಯಲ್ಲಿ ಹಾಕಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ, ಅಲ್ಲಿ ಹೆಚ್ಚಾದ ನೀರನ್ನು ಮೆಲ್ಲಗೆ ಹೊರಬಿಡುವ ಬದು ಬೇಕು.

ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಿಂದ (ಬಿಆರ್‌ಸಿ) ಊರೂರು ಸುತ್ತುವ ಬಿಐಇಆರ್‌ಟಿ (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರಿಗೆ ಮಕ್ಕಳ ನಡುವೆಯೂ ಇಂಥದೇ ಭೇದವಿರುವುದು ಗೊತ್ತಿಲ್ಲವೆಂದಲ್ಲ. ಆದರೆ ಆಡಳಿತದ ಕಣ್ಣು ಬೀಳುವುದು ದಾಖಲಾತಿಯ ಮೇಲೆ, ಹಂಚಿದ ಸಾಧನಗಳ ಮೇಲೆ, ನಡೆಸಿದ ಶಿಬಿರಗಳ ಮೇಲೆ. ಕಿವಿ ಕೇಳದ ಮಗುವೂ ಮಿದುಳಿನ ಪಾರ್ಶ್ವವಾಯು ಇರುವ ಮಗುವೂ ಒಂದೇ ಮೊತ್ತದೊಳಗೆ ಕರಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಕೇಳುವುದು ಬೇರೆ: ಪ್ರತಿ ವಿದ್ಯಾರ್ಥಿಯ ಪಾಲ್ಗೊಳ್ಳುವಿಕೆ, ಪ್ರಗತಿ, ಶಿಕ್ಷಣ ಮುಗಿಸಿದ್ದು ಇವುಗಳ ಮೇಲೆ ನಿಗಾ. ಜಲಾನಯನದ ಇನ್ನೊಂದು ನಿಯಮವೂ ಇಲ್ಲಿಗೆ ಹೊಂದುತ್ತದೆ. ದಿಬ್ಬದಿಂದ ಕೆಲಸ ಶುರುಮಾಡದಿದ್ದರೆ ಕೆಳಗಿನ ಚೆಕ್ ಡ್ಯಾಂ ಹೂಳು ತುಂಬಿಕೊಳ್ಳುತ್ತದೆ. ಕಾಯ್ದೆಯ ಉಚಿತ ಶಿಕ್ಷಣದ ಹಕ್ಕು 6ನೇ ವಯಸ್ಸಿಗೆ ಶುರುವಾಗುತ್ತದೆ. ಕಿವುಡು ಅಷ್ಟರೊಳಗೆ ಪತ್ತೆಯಾಗದಿದ್ದರೆ ಭಾಷೆ ಕಲಿಯುವ ಬೆಲೆಬಾಳುವ ವರ್ಷಗಳು ಕಳೆದಿರುತ್ತವೆ. ಹಾಗಾಗಿ ಮುಂದಾಳುತನದ ಮೊದಲ ಪರೀಕ್ಷೆ ಅಂಗನವಾಡಿಯಲ್ಲಿ. (ಅಂತರ್ಜಲದಲ್ಲಿ ಫ್ಲೋರೈಡ್ ಕಾಟವಿರುವ ಈ ಜಿಲ್ಲೆಯಲ್ಲಿ ಶಿಕ್ಷಣಾಧಿಕಾರಿ ಬೋರ್‌ವೆಲ್ ನೀರಿನ ವರದಿಯನ್ನೂ ಓದಬೇಕು, ಅದರಿಂದ ಮೂಳೆ ಬಾಗುವುದು ಶಾಲೆಯ ಅಂಗಳದಲ್ಲಿ ಶುರುವಾಗುವುದಿಲ್ಲ.)

ಮಗು ಹೊಲವಲ್ಲ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಪರಿಸರ ವಿಜ್ಞಾನ ಇಡೀ ವ್ಯವಸ್ಥೆಯ ಲೆಕ್ಕ ಹಾಕುತ್ತದೆ. ನೆಟ್ಟ ನೂರು ಸಸಿಯಲ್ಲಿ ಎಪ್ಪತ್ತು ಬದುಕಿದರೆ ಗೆದ್ದೆವೆನ್ನುತ್ತದೆ. ಶಾಲೆಗೆ ಆ ಸಮಾಧಾನ ಸಲ್ಲದು, ಉಳಿದ ಮೂವತ್ತರ ಹಿಂದೆ ಹಕ್ಕು ನಿಂತಿದೆ. ಬದುಕಲು ಗಟ್ಟಿಯಾದದ್ದು ಉಳಿಯುತ್ತದೆ ಎಂಬ ಮಾತಂತೂ ಇಲ್ಲಿ ವಿಷ. ಆದ್ದರಿಂದ ಎರವಲು ತರಬೇಕಾದದ್ದು ಅಳೆಯುವ ಶಿಸ್ತನ್ನು ಮಾತ್ರ, ಗೆಲುವಿನ ವ್ಯಾಖ್ಯೆಯನ್ನಲ್ಲ.

ಶಿಕ್ಷಕರೇ ಇಲ್ಲದಿರುವಾಗ ಮಕ್ಕಳ ಅಗತ್ಯಗಳ ನಕಾಶೆಯಿಂದೇನು ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಿದುಳಿನ ಪಾರ್ಶ್ವವಾಯು ಇರುವ 8 ಮಕ್ಕಳಿಗೆ, ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಇರುವ 5 ಮಕ್ಕಳಿಗೆ, ಕಿವುಡು-ಕುರುಡು ಎರಡೂ ಇರುವ 2 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಅನುಪಾತವನ್ನು ತಾತ್ಕಾಲಿಕವಾಗಿ ಸೂಚಿಸಿತು. ತಾಲ್ಲೂಕು ಸುತ್ತುವ ಶಿಕ್ಷಕರಿಂದ ಅಂಥ ಅನುಪಾತ ಈಡೇರದು. ನಕಾಶೆ ನೇಮಕಾತಿಗೆ ಬದಲಿಯಾಗಲಾರದು. ಹಾಗೆ ಬಳಸಿದರೆ ಅದು ವಂಚನೆ. ಆದರೆ ಗಮನಿಸಿ, ಕೋರ್ಟಿನ ಆ ಅನುಪಾತ ನಿಂತಿದ್ದುದೇ ಮಗುವಿನ ಸ್ಥಿತಿಯ ಭೇದದ ಮೇಲೆ. ಯಾವ ಊರಲ್ಲಿ ಯಾವ ಮಗುವಿಗೆ ಏನು ಬೇಕೆಂಬುದು ಬರೆದಿರದಿದ್ದರೆ ಎಷ್ಟು ಹುದ್ದೆ ಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿ ಕೇಳುವುದಾದರೂ ಹೇಗೆ? ಮಳೆ ಕಡಿಮೆಯಾದಷ್ಟೂ ಬದುವಿನ ಲೆಕ್ಕ ಬಿಗಿಯಾಗಬೇಕು. ಇರುವ ಒಬ್ಬ ಶಿಕ್ಷಕರ ಭೇಟಿ ರಸ್ತೆಯ ಅನುಕೂಲ ನೋಡಿ ಹಂಚಿಕೆಯಾಗಬೇಕೋ, ಮಗುವಿನ ತುರ್ತು ನೋಡಿಯೋ ಎಂಬುದನ್ನಾದರೂ ಈ ದಾಖಲೆ ತೀರ್ಮಾನಿಸಬಲ್ಲದು. ಆ ದಾಖಲೆ ಮಾತ್ರ ಶಿಕ್ಷಕರ ವರ್ಗಾವಣೆಯೊಂದಿಗೆ ಊರು ಬಿಡಬಾರದು. ಅದು ಮುಖ್ಯ ಶಿಕ್ಷಕರ ಬಳಿ ಇದ್ದು, ಏಳನೆಯ ತರಗತಿ ಮುಗಿಸಿದ ಮಗು ಪಕ್ಕದೂರಿನ ಹೈಸ್ಕೂಲಿಗೆ ಹೋಗುವಾಗ ವರ್ಗಾವಣೆ ಪ್ರಮಾಣಪತ್ರದ ಜೊತೆಗೇ ಅಲ್ಲಿಗೆ ತಲುಪಬೇಕು.