ಒಪ್ಪಿಗೆಯ ಗುಂಡಿ

ಮೊನ್ನೆ ಒಂದು ದೊಡ್ಡ ಅಂಗಡಿಯಲ್ಲಿ ಎರಡು ನೋಟ್‌ಬುಕ್ಕು, ಒಂದು ಪೆನ್ನು ತೆಗೆದುಕೊಂಡು ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿ ತಲೆಯೆತ್ತದೆಯೇ "ನಂಬರ್ ಹೇಳಿ ಸರ್" ಎಂದಳು. "ಯಾಕಮ್ಮ?" ಎಂದೆ. "ಬಿಲ್‌ಗೆ ಸರ್." "ದುಡ್ಡು ಕೈಯಲ್ಲೇ ಕೊಡ್ತಾ ಇದ್ದೀನಲ್ಲ, ನಂಬರ್ ಯಾಕೆ?" "ನಂಬರ್ ಹಾಕ್ದೆ ಸಿಸ್ಟಮ್ ಮುಂದಕ್ಕೆ ಹೋಗಲ್ಲ ಸರ್." ನನ್ನ ಹಿಂದೆ ನಿಂತವರೊಬ್ಬರು ಜೋರಾಗಿ ನಿಟ್ಟುಸಿರುಬಿಟ್ಟರು. ಸಾಲಿನಲ್ಲಿ ನಿಂತ ಎಂಟು ಜನರ ಎದುರು ಸಂವಿಧಾನದ ಮಾತಾಡುವ ಧೈರ್ಯ ನನಗಿರಲಿಲ್ಲ. ಹತ್ತೂ ಅಂಕಿಗಳನ್ನು ಒಪ್ಪಿಸಿ ಹೊರಬಂದೆ. ರಾತ್ರಿ ಊಟದ ಹೊತ್ತಿಗೆ ಆ ಅಂಗಡಿಯ ಹಬ್ಬದ ರಿಯಾಯಿತಿ ನನ್ನ ಜೇಬಿನಲ್ಲಿ ಗುಂಯ್‌ಗುಡುತ್ತಿತ್ತು.

ಹೀಗೆ ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ಚಿಲ್ಲರೆ ಮಾರಾಟಗಾರರಿಗೆ ಸೂಚನೆ ಕೊಟ್ಟಿದೆ. ಆ ಸೂಚನೆಯ ಗತಿ ಏನಾಯಿತೆಂಬುದು ಬಿಲ್ಲಿನ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಆದರೆ ನನ್ನನ್ನು ಕಾಡಿದ್ದು ಕಾನೂನಿನ ಪ್ರಶ್ನೆಗಿಂತ ಭಾಷೆಯ ಪ್ರಶ್ನೆ. ಆ ಹುಡುಗಿಯ ಕಂಪ್ಯೂಟರಿನ ದಾಖಲೆಯಲ್ಲಿ ಈಗ ನಾನು "ಒಪ್ಪಿಗೆ ಕೊಟ್ಟ ಗ್ರಾಹಕ"ನಾಗಿರಬೇಕು. ನಾನು ಒಪ್ಪಿದ್ದು ಯಾವಾಗ?

ಕಥೆ ಓದುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ "ಇದನ್ನು ಹೇಳುತ್ತಿರುವವರು ಯಾರು?" ಎಂಬುದು. ಸಾಹಿತ್ಯದ ತರಗತಿಯಲ್ಲಿ ನಿರೂಪಕ ಬೇರೆ, ಲೇಖಕ ಬೇರೆ ಎಂದು ಓದಿದ ನಾವು ದಿನಕ್ಕೆ ಹತ್ತು ಸಲ ಎದುರಾಗುವ "ನಾನು ಒಪ್ಪುತ್ತೇನೆ" ಎಂಬ ಎರಡು ಪದದ ವಾಕ್ಯಕ್ಕೆ ಮಾತ್ರ ಆ ಪ್ರಶ್ನೆ ಹಾಕುವುದಿಲ್ಲ. ಉತ್ತಮ ಪುರುಷ, ಏಕವಚನ, ವರ್ತಮಾನ ಕಾಲ. ವ್ಯಾಕರಣದ ಪ್ರಕಾರ ಮಾತಾಡುತ್ತಿರುವವನು ನಾನು. ಆದರೆ ಆ ವಾಕ್ಯವನ್ನು ಬರೆದವರು ಕಂಪನಿಯ ವಕೀಲರು. ಯಾವ ಬಣ್ಣದಲ್ಲಿ, ಎಷ್ಟು ದೊಡ್ಡದಾಗಿ, ಪರದೆಯ ಯಾವ ಮೂಲೆಯಲ್ಲಿ ಕಾಣಬೇಕೆಂದು ತೀರ್ಮಾನಿಸಿದವರು ಅವರ ವಿನ್ಯಾಸಕಾರರು. ನನ್ನದು ಬೆರಳು ಮಾತ್ರ. ತಾಳಮದ್ದಲೆಯಲ್ಲಿ ಪದ್ಯ ಭಾಗವತರದಾದರೂ ಅರ್ಥ ಅರ್ಥಧಾರಿಯದು. ಒಂದೇ ಪದ್ಯಕ್ಕೆ ಇವತ್ತಿನ ಕರ್ಣ ಒಂದು ಮಾತಾಡಿದರೆ ನಾಳಿನ ಕರ್ಣ ಇನ್ನೊಂದು ಮಾತಾಡಬಲ್ಲ. ಮೊಬೈಲಿನ ಪ್ರಸಂಗದಲ್ಲಿ ಪದ್ಯವೂ ಅವರದೇ, ಅರ್ಥವೂ ಅವರದೇ. ಪಾತ್ರದ ಹೆಸರು ಮಾತ್ರ ನನ್ನದು.

"ಒಪ್ಪು" ನಮ್ಮ ಭಾಷೆಯ ಚೆಂದದ ಧಾತುಗಳಲ್ಲಿ ಒಂದು. ಸೀರೆ ಮೈಬಣ್ಣಕ್ಕೆ ಒಪ್ಪುತ್ತದೆ, ಮಾತು ಸಂದರ್ಭಕ್ಕೆ ಒಪ್ಪುತ್ತದೆ. ಮನೆ ಒಪ್ಪವಾಗಿರುತ್ತದೆ. ಅಂದರೆ ಒಪ್ಪುವುದರಲ್ಲಿ ಸಮ್ಮತಿಯ ಜೊತೆಗೆ ಹೊಂದಿಕೆಯೂ ಚೆಲುವೂ ಇದೆ. ಹಳೆಯ ಶಾಸನಗಳಲ್ಲಿ "ಒಪ್ಪ" ಎಂದರೆ ಸಹಿ. ವಿಜಯನಗರದ ಅರಸರ ತಾಮ್ರಶಾಸನಗಳ ಪಾಠ ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ "ಶ್ರೀ ವಿರೂಪಾಕ್ಷ" ಎಂಬ ಒಪ್ಪ ಕನ್ನಡ ಅಕ್ಷರದಲ್ಲಿರುವುದನ್ನು ಶಾಸನ ಓದಿದವರು ನೋಡಿರುತ್ತಾರೆ. ಆ ಒಪ್ಪಕ್ಕಿಂತ ಮೊದಲು ದಾನಶಾಸನ ಒಂದು ಕೆಲಸ ಮಾಡಿರುತ್ತದೆ. ಕೊಟ್ಟ ಭೂಮಿಯ ನಾಲ್ಕೂ ಎಲ್ಲೆಗಳನ್ನು ಹೇಳಿರುತ್ತದೆ: ಮೂಡಣಕ್ಕೆ ಈ ಕಲ್ಲು, ತೆಂಕಣಕ್ಕೆ ಆ ಹಳ್ಳ, ಪಡುವಣಕ್ಕೆ ಇಂಥ ಮರ. ಕೊಟ್ಟದ್ದು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಓದಿದವರಿಗೆ ತಿಳಿಯಬೇಕು. ಇವತ್ತು ನಾನು ಒತ್ತುವ ಒಪ್ಪಕ್ಕೆ ಚತುಸ್ಸೀಮೆಯಿಲ್ಲ. ಟಾರ್ಚ್ ಬೆಳಗಿಸುವ ಆ್ಯಪೊಂದು ನನ್ನ ಫೋನಿನಲ್ಲಿರುವ ಬಂಧುಮಿತ್ರರ ಹೆಸರುಗಳನ್ನು ಕೇಳಿದರೆ ಅದರ ಮೂಡಣದ ಕಲ್ಲು ಎಲ್ಲಿ?

ಇದೇ ಧಾತುವಿನಿಂದ "ಒಪ್ಪಿಸು" ಎಂಬ ಇನ್ನೊಂದು ಕ್ರಿಯಾಪದವೂ ಬಂದಿದೆ. ಅದಕ್ಕೆ ಎರಡು ಅರ್ಥ. ಒಂದು, ಇನ್ನೊಬ್ಬರ ವಶಕ್ಕೆ ಕೊಡುವುದು. ಮತ್ತೊಂದು, ಮೇಷ್ಟರ ಮುಂದೆ ಕೈಕಟ್ಟಿ ನಿಂತು ಪಾಠವನ್ನು ಬಾಯಿಪಾಠ ಹೇಳುವುದು. ಪರದೆಯ ಮೇಲೆ ಬರೆದಿರುವುದು ಒಪ್ಪುವ ಮಾತು, ನಡೆಯುತ್ತಿರುವುದು ಎರಡೂ ಅರ್ಥದಲ್ಲಿ ಒಪ್ಪಿಸುವ ಕೆಲಸ. ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವ ಬಟನ್ನೂ ಹೌದು, ಕಾಲಿಟ್ಟರೆ ಬೀಳುವ ಹಳ್ಳವೂ ಹೌದು.

ಒಪ್ಪಿಗೆಗೆ ಅರ್ಥ ಬರುವುದು ನಿರಾಕರಣೆ ಸಾಧ್ಯವಿದ್ದಾಗ. ನಮ್ಮ ಭಾಷೆಯಲ್ಲಿ ಅದಕ್ಕೆ ಮಾತುಗಳ ಬರವಿಲ್ಲ. "ಬೇಡ" ಇದೆ, "ಆಗಲ್ಲ" ಇದೆ, ಧಾರವಾಡದ ಕಡೆಯ ಖಡಕ್ "ಒಲ್ಲೆ" ಇದೆ, ಮುಖ ಮುರಿಯದೆ ಇಲ್ಲವೆನ್ನುವ "ನೋಡೋಣ" ಇದೆ. ಮೊಬೈಲಿನ ಕನ್ನಡದಲ್ಲಿ ಇವಕ್ಕೆ ಜಾಗ ಕಡಿಮೆ. ಅಲ್ಲಿ ಸಿಗುವುದು "ಈಗ ಬೇಡ", ಇಲ್ಲವೇ "ನಂತರ ನೆನಪಿಸಿ". ನಾನು ಬೇಡವೆಂದದ್ದನ್ನು ಯಂತ್ರ "ಇವನಿಗೆ ನಾಳೆ ಬೇಕಾಗುತ್ತದೆ" ಎಂದು ತಿದ್ದಿ ಬರೆದುಕೊಳ್ಳುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿ, ಅವುಗಳಿಗೆ "ಡಾರ್ಕ್ ಪ್ಯಾಟರ್ನ್" ಎಂಬ ಹೆಸರನ್ನು ಬಳಸಿತು. ನಾವು ಆರಿಸದ ಸಾಮಾನನ್ನು ಬುಟ್ಟಿಗೆ ಮೆಲ್ಲಗೆ ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದರೂ ಬಿಡದೆ ಪೀಡಿಸುವುದು ಎಲ್ಲವೂ ಅದರಲ್ಲಿವೆ. ನನಗೆ ಅತಿ ಕುತೂಹಲದ್ದೆನಿಸಿದ್ದು ನಾಚಿಕೆಪಡಿಸಿ ಒಪ್ಪಿಸುವ ತಂತ್ರ. ವಿಮಾನದ ಟಿಕೆಟ್ಟಿನ ಜೊತೆ ವಿಮೆ ಬೇಡವೆನ್ನಬೇಕಾದರೆ "ನಾನು ಅಸುರಕ್ಷಿತನಾಗಿಯೇ ಇರುತ್ತೇನೆ" ಎಂಬರ್ಥದ ವಾಕ್ಯವನ್ನು ಒತ್ತಬೇಕಾಗುವುದನ್ನು ಮಾರ್ಗಸೂಚಿಯೇ ಉದಾಹರಿಸುತ್ತದೆ. ಇಲ್ಲೂ ಅದೇ "ನಾನು". ಬೇಡವೆನ್ನುವವನು ತನ್ನ ಬಾಯಿಂದಲೇ ತನ್ನನ್ನು ದಡ್ಡನೆಂದುಕೊಳ್ಳಬೇಕು.

2021ರ ವಾಟ್ಸ್ಆ್ಯಪ್ ಪ್ರಕರಣ ನಮ್ಮೆಲ್ಲರ ನೆನಪಿನಲ್ಲಿದೆ. ಆ ವರ್ಷದ ಜನವರಿಯಲ್ಲಿ ಹೊಸ ನಿಯಮಗಳ ಸೂಚನೆ ಪರದೆಯ ಮೇಲೆ ಬಂತು. 2016ರಲ್ಲಿ ನಿಯಮ ಬದಲಾದಾಗ ಹಳೆಯ ಬಳಕೆದಾರರಿಗೆ ಫೇಸ್‌ಬುಕ್ಕಿನೊಂದಿಗೆ ಮಾಹಿತಿ ಹಂಚಿಕೆ ಬೇಡವೆನ್ನಲು 30 ದಿನಗಳ ಅವಕಾಶವಿತ್ತು. ಈ ಸಲ ಅದೂ ಇರಲಿಲ್ಲ. ಬೇಕಾದರೆ ಒಪ್ಪಿ, ಇಲ್ಲವೇ ಹೊರಡಿ. ಗದ್ದಲವಾಗಿ ಗಡುವು ಫೆಬ್ರವರಿ 8ರಿಂದ ಮೇ 15ಕ್ಕೆ ಹೋಯಿತು. ಬಹಳ ಜನ ಸಿಗ್ನಲ್, ಟೆಲಿಗ್ರಾಂಗಳಿಗೆ ಗುಳೆ ಹೊರಟರು, ನಾನೂ ಹೊರಟೆ. ಅಲ್ಲಿ ಹೋಗಿ ನೋಡಿದರೆ ಯಾರೂ ಇಲ್ಲ. ಮಗಳ ಶಾಲೆಯ ಗುಂಪು, ಗ್ಯಾಸಿನವನು, ಊರಿನ ಅತ್ತೆ, ಕವಿಗೋಷ್ಠಿಯ ಆಹ್ವಾನ ಎಲ್ಲವೂ ಹಳೆಯ ಜಾಗದಲ್ಲೇ. ಹದಿನೈದು ದಿನಕ್ಕೆ ಸದ್ದಿಲ್ಲದೆ ವಾಪಸು ಬಂದೆ. ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಈ ವಿಷಯಕ್ಕಾಗಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಹೊರಹೋಗಲು ಬೇರೆ ದಾರಿಯಿಲ್ಲದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಊರಿಗಿರುವುದು ಒಂದೇ ಬಾವಿಯಾದರೆ ಅದರ ಯಜಮಾನ ಹಾಕುವ ಷರತ್ತಿಗೆ ನಾವು ಕೊಡುವ ಒಪ್ಪಿಗೆ ಬಾಯಾರಿಕೆಯದು.

"ನನ್ನ ಹತ್ತಿರ ಮುಚ್ಚಿಡೋಕೆ ಏನಿದೆ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಹುಟ್ಟಲು ಸ್ವಲ್ಪಮಟ್ಟಿಗೆ ನಮ್ಮ ಅನುವಾದವೂ ಕಾರಣ. ಕಂಪನಿಗಳ ಕನ್ನಡ ಪುಟಗಳಲ್ಲಿ ಪ್ರೈವಸಿ ಎಂಬುದು ಹೆಚ್ಚಾಗಿ "ಗೌಪ್ಯತೆ"ಯಾಗಿದೆ. ಗೌಪ್ಯ ಎಂದೊಡನೆ ಮುಚ್ಚಿಟ್ಟದ್ದು, ಗುಟ್ಟು ಎಂಬ ಅರ್ಥ ಬರುತ್ತದೆ, ಗುಟ್ಟು ಎಂದರೆ ತಪ್ಪಿನ ವಾಸನೆ. "ಖಾಸಗಿತನ" ಎಂಬ ಮಾತಿಗೆ ಈ ಕಳಂಕವಿಲ್ಲ. ಖಾಸಗಿ ಎಂದರೆ ನನ್ನದು ಎಂದಷ್ಟೇ. ನಮ್ಮ ಹಳೆಯ ಮನೆಗಳ ಜಗಲಿ, ನಡುಮನೆ, ದೇವರಮನೆಗಳು ಒಂದೊಂದು ಹಂತದ ಅನುಮತಿಗಳು. ನಡುಮನೆಗೆ ಬಂದವರನ್ನು ಒಳಮನೆಗೆ ಬಿಡದಿದ್ದರೆ ಒಳಗೆ ಕಳ್ಳಮಾಲಿದೆ ಎಂದು ಯಾರೂ ಅನ್ನುತ್ತಿರಲಿಲ್ಲ.

ಆದರೆ ಈ ಹೋಲಿಕೆಯನ್ನು ಹೆಚ್ಚು ಎಳೆಯಲಾಗದು. ಯಾರು ಜಗಲಿ ಹತ್ತಬಹುದೆಂದು ಜಾತಿ ತೀರ್ಮಾನಿಸುತ್ತಿದ್ದ ಮನೆಗಳು ಅವು. ಆ ಮನೆಯ ಹೆಂಗಸರಿಗೆ ಮುಚ್ಚಿಕೊಳ್ಳಲು ಒಂದು ಬಾಗಿಲೂ ಇರಲಿಲ್ಲ, ಅವರಿಗೆ ಬಂದ ಕಾಗದವನ್ನು ಮನೆಯ ಗಂಡಸರು ಒಡೆದು ಓದುತ್ತಿದ್ದರು. ಎಲ್ಲರಿಗೂ ಸಮಾನವಾಗಿ ಸಲ್ಲುವ ಖಾಸಗಿತನ ನಮಗೆ ಪರಂಪರೆಯಿಂದ ಬಂದ ಆಸ್ತಿಯಲ್ಲ, ಗಣರಾಜ್ಯ ಕೊಟ್ಟದ್ದು. ಅದನ್ನು ಕೇಳಿ ಪಡೆದವರು ನಮ್ಮವರೇ ಎಂಬುದನ್ನು ಕನ್ನಡದ ವಿದ್ಯಾರ್ಥಿಗಳು ತಿಳಿದಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಕಾನೂನಿನ ಪುಸ್ತಕಗಳಲ್ಲಿ ಉಳಿದಷ್ಟು ನಮ್ಮ ಮಾತುಕತೆಯಲ್ಲಿ ಉಳಿದಿಲ್ಲ.

ಕಂಪನಿಗಳನ್ನು ಬೈದು ಸರ್ಕಾರವನ್ನು ಬಿಟ್ಟುಬಿಡುವುದೂ ಸರಿಯಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಯ ಹೆಸರಿನಲ್ಲಿ ಮನೆ ಬಾಗಿಲಿಗೆ ಬಂದವರು ಜನರ ಖಾಸಗಿ ವಿವರ ಕಲೆಹಾಕಿದರೆಂಬ ಆರೋಪ ಎದ್ದು, ಪೊಲೀಸ್ ಪ್ರಕರಣಗಳಾಗಿ, ಅಧಿಕಾರಿಗಳ ಅಮಾನತಿನವರೆಗೆ ಹೋಯಿತು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡವರು ಕೇಳಿದರೆ ನಾವು ಹೇಳಿಬಿಡುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎನ್ನುತ್ತದೆ. ನಮ್ಮ ಶಾಸನಗಳ ಚತುಸ್ಸೀಮೆ ಮತ್ತೆ ಬಂದಂತಾಯಿತೆಂದು ಸಂತೋಷಪಡುವಷ್ಟರಲ್ಲಿ, ತಾನು ಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ಕೇಂದ್ರವು ವಿನಾಯಿತಿ ಕೊಡಬಹುದೆಂಬ ಕಲಮು ಎದುರಾಗುತ್ತದೆ. ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ಬದಲಿಸಿತು. ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ಅಧಿಕಾರಿ ಉತ್ತರ ನಿರಾಕರಿಸುವುದು ಈಗ ಹಿಂದಿಗಿಂತ ಸುಲಭ. ಪ್ರಜೆಯನ್ನು ಕಾಯಲೆಂದು ಕಟ್ಟಿದ ಬಾಗಿಲಿನ ಚಿಲಕ ಕಚೇರಿಯ ಒಳಬದಿಯಲ್ಲೂ ಕೂತಿತು.

ಈ ಕಾಯ್ದೆಯಲ್ಲಿ ಕನ್ನಡದ ಓದುಗರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ, ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಮಗಿರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ಹಕ್ಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ಆಗ ಬರುವುದು ಎಂಥ ಕನ್ನಡ?

2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಪ್ರಕಟವಾಯಿತು. ಫೇಸ್‌ಬುಕ್ಕಿನ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಯವರೇ ತೀರಿಕೊಂಡರೆಂದು ಬರೆಯಿತು. ಸಿದ್ದರಾಮಯ್ಯನವರು ಆಕ್ಷೇಪಿಸಿದ ಮೇಲೆ ಮೆಟಾ ಕ್ಷಮೆ ಕೇಳಿತು. "ನಿನ್ನೆ ನಿಧನರಾದ" ಎಂಬಂಥ ಪದಗುಚ್ಛ ಕನ್ನಡದಲ್ಲಿ ಮುಂದೆ ಬರುವ ಹೆಸರಿಗೆ ಸೇರುತ್ತದೆ, ಹಿಂದಿನದಕ್ಕಲ್ಲ. ಹೈಸ್ಕೂಲಿನ ಮಕ್ಕಳಿಗೂ ತಿಳಿದ ಈ ಅನ್ವಯದಲ್ಲೇ ಯಂತ್ರ ಎಡವಿರಬೇಕು. ಮುಖ್ಯಮಂತ್ರಿಯವರ ವಿಷಯದ ತಪ್ಪು ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಸತ್ತವರು ಯಾರು, ನಮಿಸಿದವರು ಯಾರು ಎಂದು ತಿಳಿಯದ ಯಂತ್ರವೇ "ನಿಮ್ಮ ದತ್ತಾಂಶವನ್ನು ಯಾರು, ಯಾರಿಗೆ, ಯಾತಕ್ಕೆ ಕೊಡುತ್ತಾರೆ" ಎಂಬುದನ್ನು ಕನ್ನಡಕ್ಕೆ ತಂದರೆ, ಅದನ್ನು ಓದಿ ಒಪ್ಪಿದ ರೈತನ ಪರವಾಗಿ ಯಾರು ಪತ್ರ ಬರೆಯುತ್ತಾರೆ? ಈ ಕೆಲಸಕ್ಕೆ ವಕೀಲರು ಸಾಲರು. ಕನ್ನಡ ಎಂ.ಎ. ಓದುತ್ತಿರುವವರು ಸಂಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ತಮ್ಮ ಫೋನಿನಲ್ಲಿರುವ ಯಾವುದಾದರೊಂದು ಆ್ಯಪಿನ ಷರತ್ತುಗಳ ಕನ್ನಡವನ್ನು ಸಾಲುಸಾಲಾಗಿ ಓದಿ ನೋಡಲಿ. ಕರ್ತೃ ಎಲ್ಲಿ ಮಾಯವಾಗಿದ್ದಾನೆ, "ಹಂಚಿಕೊಳ್ಳಬಹುದು" ಎಂಬಲ್ಲಿ "ಬಹುದು" ಎಷ್ಟು ಅಗಲವಿದೆ ಎಂದು ಗುರುತುಹಾಕಲಿ.

ಕಳೆದ ವಾರ ಅದೇ ಅಂಗಡಿಗೆ ಮತ್ತೆ ಹೋಗಿದ್ದೆ. ಅದೇ ಹುಡುಗಿ, ಅದೇ ಪ್ರಶ್ನೆ. ಸಾಲಿನಲ್ಲಿ ಜನ ಕಡಿಮೆಯಿದ್ದುದರಿಂದಲೋ ಏನೋ, "ನಂಬರ್ ಕೊಡಲ್ಲಮ್ಮ" ಎಂದೆ. ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. ನಂಬರಿಲ್ಲದ ಬಿಲ್ಲು ಹೆಚ್ಚಾದರೆ ಮ್ಯಾನೇಜರು ಕೇಳುತ್ತಾರೆ ಎಂದಳು. ಅವಳ ಬಾಯಲ್ಲಿ ಬರುತ್ತಿದ್ದ ಪ್ರಶ್ನೆಯೂ ಅವಳದಲ್ಲ ಎಂಬುದು ನನಗೆ ಆಗ ಹೊಳೆಯಿತು. ಆಮೇಲೆ ಒಂದು ಸಲ ಹಿಂದೆ ತಿರುಗಿ ನೋಡಿ, ಒಂಬತ್ತನ್ನು ಹತ್ತು ಸಲ ಒತ್ತಿದಳು. ಸಿಸ್ಟಮ್ ಮುಂದಕ್ಕೆ ಹೋಯಿತು.